ಕ್ಯಾಂಪಸ್ಸಿನ ನೀರು, ಕರೆಂಟು, ಅನ್ನಕ್ಕೂ ಒಂದು ಕಿರ್ದಿ

ಜುಲೈ ಮೊದಲ ವಾರ ಬಂತೆಂದರೆ ಕಾಲೇಜುಗಳಲ್ಲಿ ಗುಂಡಿ ತೋಡುವ ಕೆಲಸ ಶುರು. ಅರಣ್ಯ ಇಲಾಖೆಯ ನರ್ಸರಿಯಿಂದ ಹೊಂಗೆ, ಬೇವು, ನೇರಳೆ ಸಸಿಗಳು ಬರುತ್ತವೆ, ಎನ್‌ಎಸ್‌ಎಸ್ ಹುಡುಗರು ಬ್ಯಾನರ್ ಕಟ್ಟುತ್ತಾರೆ, ಅತಿಥಿಗಳು ಬೇರಿಗೆ ಮಣ್ಣೆಳೆದು ಚೊಂಬು ನೀರು ಹಾಕಿ ಫೋಟೊಕ್ಕೆ ನಿಲ್ಲುತ್ತಾರೆ. ಕೆ.ಎಂ. ಮುನ್ಷಿಯವರು ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದಾಗ 1950ರಲ್ಲಿ ಆರಂಭಿಸಿದ ವನಮಹೋತ್ಸವ ಇವತ್ತಿಗೂ ನಮ್ಮ ಕಾಲೇಜುಗಳ ಪರಿಸರ ಚಟುವಟಿಕೆಯ ಮುಖ್ಯ ಹಬ್ಬ. ಅದರ ಬಗ್ಗೆ ತಕರಾರು ತೆಗೆಯಲು ಕಾರಣವಿಲ್ಲ. ಆದರೆ ದಾವಣಗೆರೆಯಂಥ ಊರಿನಲ್ಲಿ ಆ ಸಸಿಯ ಮುಂದಿನ ಹತ್ತು ತಿಂಗಳು ಹೇಗಿರುತ್ತದೆಂದು ನೋಡಬೇಕು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 650 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಮುಗಿಯುತ್ತದೆ. ನವೆಂಬರ್‌ವರೆಗೆ ಸಸಿಯನ್ನು ಮಳೆಯೇ ಸಾಕುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ವಾರಕ್ಕೆ ಎರಡು ಬಾರಿಯಾದರೂ ಕೊಡ ನೀರು ಹುಯ್ಯುವವರು ಬೇಕು. ಅಷ್ಟು ಹೊತ್ತಿಗೆ ಇಂಟರ್ನಲ್ಸ್, ಪ್ರಾಕ್ಟಿಕಲ್ಸ್, ಸೆಮಿಸ್ಟರ್ ಪರೀಕ್ಷೆ, ರಜೆ. ಎನ್‌ಎಸ್‌ಎಸ್ ಅಧಿಕಾರಿಗೆ ವರ್ಗಾವಣೆಯಾಗಿರಲೂಬಹುದು. ಮರು ಜುಲೈಗೆ ಅದೇ ಗುಂಡಿ, ಹೊಸ ಸಸಿ. ಕಾಲೇಜಿನ ವರದಿಯಲ್ಲಿ ಮಾತ್ರ ಎರಡೂ ವರ್ಷದ ಸಸಿಗಳು ಸೇರಿ ಸಂಖ್ಯೆ ಬೆಳೆಯುತ್ತಾ ಹೋಗುತ್ತದೆ, ಏಕೆಂದರೆ ನೆಟ್ಟದ್ದನ್ನು ಎಣಿಸುವ ಪದ್ಧತಿ ಇದೆ, ಉಳಿದದ್ದನ್ನು ಎಣಿಸುವ ಪದ್ಧತಿ ಇಲ್ಲ.

ಈ ಲೋಪವನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ, ಮಂಡಿಪೇಟೆಯ ವ್ಯಾಪಾರದಿಂದ ಬೆಳೆದ ಊರು ಇದು. ದಿನದ ಜಮಾ ಖರ್ಚು ಕಿರ್ದಿಗೆ, ಅಲ್ಲಿಂದ ಖಾತೆಗೆ, ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ಹೊಸ ಪುಸ್ತಕಕ್ಕೆ ಪೂಜೆ, ಇದು ಇಲ್ಲಿನ ವರ್ತಕರ ಮನೆಗಳ ರೂಢಿ. ಊರಿನ ಕಾಲೇಜುಗಳ ಬೇರೂ ಅಲ್ಲೇ ಇದೆ. 1951ರಲ್ಲಿ ಆರಂಭವಾಗಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರು ಹೊತ್ತ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು, ರಾಜನಹಳ್ಳಿ ಮನೆತನದ ಹೆಸರಿನ ಡಿಆರ್‌ಎಂ ವಿಜ್ಞಾನ ಕಾಲೇಜು, 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ ಮತ್ತು ಅದರ ಅಡಿಯಲ್ಲಿ 1965ರಲ್ಲಿ ಬಂದ ಜೆಜೆಎಂ ವೈದ್ಯಕೀಯ ಕಾಲೇಜು, 1979ರ ಬಿಐಇಟಿ, ಇವುಗಳ ಹಿಂದೆ ವ್ಯಾಪಾರಸ್ಥರ ದಾನವೂ ಲೆಕ್ಕಾಚಾರವೂ ಇದ್ದವು. ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಯಿತು. ಹಾಸ್ಟೆಲ್, ಮೆಸ್, ಲ್ಯಾಬ್, ಆಸ್ಪತ್ರೆಗಳನ್ನು ಸೇರಿಸಿ ನೋಡಿದರೆ ಒಂದೊಂದು ಕ್ಯಾಂಪಸ್ಸೂ ಒಂದು ದೊಡ್ಡ ಹಳ್ಳಿಯಷ್ಟು ನೀರು ಕುಡಿಯುತ್ತದೆ, ಕರೆಂಟು ಉರಿಸುತ್ತದೆ, ಕಸ ಹೊರಗೆ ಹಾಕುತ್ತದೆ. ದುಡ್ಡಿನ ಲೆಕ್ಕ ಪೈಸೆ ಬಿಡದೆ ಇಡುವ ಈ ಸಂಸ್ಥೆಗಳು ನೀರು, ಕರೆಂಟು, ಅನ್ನದ ಲೆಕ್ಕವನ್ನೂ ಹಾಗೇ ದಿನಂಪ್ರತಿ ಇಡತೊಡಗಿದರೆ ಪರಿಸರ ಯೋಜನೆ ಎಂಬುದು ಎಲ್ಲಿಂದ ಶುರುವಾಗಬೇಕೆಂದು ತಾನಾಗಿ ಗೊತ್ತಾಗುತ್ತದೆ. ಲೆಕ್ಕವಿಲ್ಲದೆ ಮಾಡಿದ ಯೋಜನೆ ಎಷ್ಟು ಒಳ್ಳೆಯ ಮನಸ್ಸಿನದಾದರೂ ಕಣ್ಣಿಗೆ ಕಾಣುವ ಕೆಲಸದ ಕಡೆಗೇ ವಾಲುತ್ತದೆ.

ಮಳೆನೀರು ಕೊಯ್ಲನ್ನೇ ನೋಡಿ. ಕಾಲೇಜು ತನ್ನ ಪರಿಸರ ಕಾಳಜಿಗೆ ತೋರಿಸುವ ಮೊದಲ ಸಾಕ್ಷಿ ಅದೇ, ಪಕ್ಕದಲ್ಲಿ ಫಲಕ ಬೇರೆ. ಸಾವಿರ ಚದರ ಮೀಟರಿನ ತಾರಸಿಗೆ ದಾವಣಗೆರೆಯ ಮಳೆಯಲ್ಲಿ ವರ್ಷಕ್ಕೆ ಬೀಳುವುದು ಆರೂವರೆ ಲಕ್ಷ ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ಎಂದು ಐದನೇ ಒಂದು ಭಾಗ ಕಳೆದರೆ ಕೈಗೆ ಸಿಗುವುದು 5 ಲಕ್ಷ 20 ಸಾವಿರ. ಕೇಳಲು ದೊಡ್ಡ ಮೊತ್ತ. ಈಗ ಅದೇ ತಾರಸಿಯ ಕೆಳಗೆ 500 ಹುಡುಗರ ಹಾಸ್ಟೆಲ್ ಇದೆಯೆನ್ನಿ. ಭಾರತೀಯ ಮಾನಕ ಹಾಸ್ಟೆಲಿಗೆ ಹಾಕಿಕೊಟ್ಟಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 67,500. ಅಂದರೆ ವರ್ಷವಿಡೀ ಹಿಡಿದ ಮಳೆನೀರು ಆ ಹಾಸ್ಟೆಲಿಗೆ ಎಂಟು ದಿನಕ್ಕೂ ಸಾಲದು. ಈಗ ಇನ್ನೊಂದು ಪುಟ ತಿರುವಿ. ಆ 135 ಲೀಟರಿನಲ್ಲಿ ಸ್ನಾನಕ್ಕೆ, ಬಟ್ಟೆ ಒಗೆಯಲು, ಕೈಕಾಲು ತೊಳೆಯಲು ಅರ್ಧದಷ್ಟು ಹೋಗುತ್ತದೆಂದು ಹಿಡಿದರೂ ದಿನಕ್ಕೆ 33 ಸಾವಿರ ಲೀಟರ್ ಸೋಪಿನ ನೀರು ಮೋರಿಗೆ ಇಳಿಯುತ್ತದೆ. ಹಾಸ್ಟೆಲ್ ವರ್ಷಕ್ಕೆ 300 ದಿನ ನಡೆದರೆ ಸುಮಾರು ಒಂದು ಕೋಟಿ ಲೀಟರ್, ತಾರಸಿಯ ಮಳೆಯ ಹತ್ತೊಂಬತ್ತು ಪಟ್ಟು. ಶೌಚಾಲಯದ ಫ್ಲಶ್‌ಗೆ ಬೇಕಾದದ್ದು ಅದೇ ಮಾನಕದ ಪ್ರಕಾರ ತಲೆಗೆ 45 ಲೀಟರ್, ಒಟ್ಟು 22,500. ಸೋಸಿದ ಸ್ನಾನದ ನೀರಿನಿಂದ ಫ್ಲಶ್ ಪೂರೈಸಿದ ಮೇಲೂ ಹತ್ತು ಸಾವಿರ ಲೀಟರ್ ಉಳಿಯುತ್ತದೆ. ದಿನಕ್ಕೆ ಇಪ್ಪತ್ತು ಲೀಟರಿನಂತೆ 500 ಗಿಡಗಳಿಗೆ ಆಗುವಷ್ಟು. ಏಪ್ರಿಲ್‌ನಲ್ಲಿ ಒಣಗುವ ವನಮಹೋತ್ಸವದ ಸಸಿಗೆ ಬೇಕಾದ ನೀರು ಅದೇ ಕಾಂಪೌಂಡಿನೊಳಗೆ ಚರಂಡಿ ಸೇರುತ್ತಿದೆ. ಮಳೆನೀರು ಕೊಯ್ಲು ಬೇಡವೆಂದು ಇದರ ಅರ್ಥ ಮಾಡಿಕೊಳ್ಳಬಾರದು. ಬೋರ್‌ವೆಲ್‌ಗೆ ಮರುಪೂರಣ ಕೊಡಲು, ಹೊರಗಿನಿಂದ ತರಿಸುವ ಟ್ಯಾಂಕರ್ ತಗ್ಗಿಸಲು ಅದು ಬೇಕೇ ಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಲೆಕ್ಕ ತೀರ್ಮಾನಿಸಲಿ.

ಇದಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದೇ. ಹಳೆಯ ಹಾಸ್ಟೆಲ್‌ಗಳಲ್ಲಿ ಸ್ನಾನದ ಮನೆಯ ನೀರೂ ಶೌಚಾಲಯದ ನೀರೂ ಒಂದೇ ಪೈಪಿನಲ್ಲಿ ಒಳಚರಂಡಿಗೆ ಹೋಗುತ್ತವೆ, ಬೇರ್ಪಡಿಸಲು ಗೋಡೆ ಒಡೆಯಬೇಕು. ಶುದ್ಧೀಕರಣ ಘಟಕ ಕಟ್ಟಿಸಿ, ಗುತ್ತಿಗೆಯವನು ಬಿಟ್ಟುಹೋದ ಮೇಲೆ ಮೋಟಾರು ಕೆಟ್ಟು ಸೊಳ್ಳೆ ಸಾಕುವ ತೊಟ್ಟಿಯಾಗಿಬಿಟ್ಟ ಉದಾಹರಣೆಗಳು ಅಪಾರ್ಟ್‌ಮೆಂಟುಗಳಲ್ಲೂ ಕಾಲೇಜುಗಳಲ್ಲೂ ಬೇಕಾದಷ್ಟಿವೆ. ಹಾಗಾಗಿ ಹಳೆಯ ಕಟ್ಟಡ ಒಡೆಯುವ ಹಟ ಬೇಡ. ಇನ್ನು ಮುಂದೆ ಕಟ್ಟುವ ಪ್ರತಿ ಹಾಸ್ಟೆಲಿಗೂ ಎರಡು ಪೈಪು ಎಂಬ ಒಂದು ಸಾಲನ್ನು ಟೆಂಡರಿನಲ್ಲಿ ಸೇರಿಸಿದರೆ ಆಯಿತು. ಕಟ್ಟುವಾಗ ಅದರ ಖರ್ಚು ಅಲ್ಪ, ಕಟ್ಟಿದ ಮೇಲೆ ವಿಪರೀತ. ಹಳೆಯ ಕಟ್ಟಡದಲ್ಲಿ ಮಾಡಬಹುದಾದ ಕೆಲಸವೇ ಬೇರೆ. ಬೆಳಿಗ್ಗೆ ಪಂಪು ಹಾಕಿದವರು ಇನ್ನಾವುದೋ ಕೆಲಸಕ್ಕೆ ಹೋಗುತ್ತಾರೆ, ಓವರ್‌ಹೆಡ್ ಟ್ಯಾಂಕ್ ತುಂಬಿ ತಾರಸಿಯ ಮೇಲಿಂದ ಧೋ ಎಂದು ಸುರಿಯುತ್ತದೆ, ಯಾರೋ ಕಿಟಕಿಯಿಂದ ಕೂಗುತ್ತಾರೆ, ಹತ್ತು ನಿಮಿಷಕ್ಕೆ ಪಂಪು ನಿಲ್ಲುತ್ತದೆ. ನಿಮಿಷಕ್ಕೆ ನೂರು ಲೀಟರ್ ಎತ್ತುವ ಸಾಧಾರಣ ಪಂಪಾದರೆ ಅಷ್ಟರಲ್ಲಿ ಸಾವಿರ ಲೀಟರ್ ಹೋಯಿತು. ದಿನಾ ಹೀಗಾದರೆ ವರ್ಷಕ್ಕೆ ಮೂರು ಲಕ್ಷ ಮೀರುತ್ತದೆ. ಲಕ್ಷಾಂತರ ರೂಪಾಯಿಯ ಮಳೆನೀರು ಘಟಕ ಹಿಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು. ಟ್ಯಾಂಕ್ ತುಂಬಿದೊಡನೆ ಪಂಪು ನಿಲ್ಲಿಸುವ ಸಾಧನಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ಒಂದು ನಲ್ಲಿ ದಿನಕ್ಕೆ 15ರಿಂದ 20 ಲೀಟರ್ ಕಳೆಯುತ್ತದೆ, ಅದಕ್ಕೆ ವಾಷರ್ ಸಾಕು. ದಾವಣಗೆರೆಯ ನಲ್ಲಿಗೆ ಬರುವ ನೀರು ಸುಮ್ಮನೆ ಬರುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರೆಯಿಂದ ಎತ್ತಿದ್ದು, ಭದ್ರಾ ಕಾಲುವೆಯಿಂದ ಬಂದು ಕುಂದುವಾಡ ಕೆರೆಯಲ್ಲೂ ಟಿವಿ ಸ್ಟೇಷನ್ ಕೆರೆಯಲ್ಲೂ ನಿಂತದ್ದು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ 2023ರಂಥ ವರ್ಷದಲ್ಲಿ ಆ ನದಿಯೂ ಕಾಲುವೆಯೂ ಎಷ್ಟು ದಿನ ಕೈ ಹಿಡಿಯುತ್ತವೆ ಎಂಬುದೇ ಪ್ರಶ್ನೆ.

ಕರೆಂಟಿನದೂ ಇದೇ ಕತೆ, ಆದರೆ ಇಲ್ಲಿ ಕೆಲಸ ಇನ್ನೂ ಸುಲಭ. ಚಾವಣಿಯ ಮೇಲೆ ಸೌರಫಲಕ ಕೂರಿಸುವ ಉತ್ಸಾಹ ಈಗ ಎಲ್ಲೆಡೆ ಇದೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ವರ್ಷಕ್ಕೆ 1,400ರಿಂದ 1,500 ಯೂನಿಟ್ ಕೊಡುತ್ತದೆ, ಅದು ಲಾಭದ ಬಾಬತ್ತೇ. ಅದಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬೇಕು. ರಾತ್ರಿ ಹತ್ತು ಗಂಟೆಗೆ ಕಾಲೇಜು ಕಟ್ಟಡದ ಬೆಸ್ಕಾಂ ಮೀಟರನ್ನು ಓದಿ ಬರೆದುಕೊಳ್ಳುವುದು, ಬೆಳಿಗ್ಗೆ ಐದಕ್ಕೆ ಮತ್ತೊಮ್ಮೆ ಓದುವುದು. ಪಾಠವಿಲ್ಲದ, ಮನುಷ್ಯರಿಲ್ಲದ ಆ ಏಳು ಗಂಟೆಯಲ್ಲಿ ಮೀಟರು ಎಷ್ಟು ಓಡಿದೆ ಎಂಬುದು ಕ್ಯಾಂಪಸ್ಸಿನ ನಿಜವಾದ ಜಾತಕ. ಕಂಪ್ಯೂಟರ್ ಲ್ಯಾಬಿನ ಯುಪಿಎಸ್‌ಗಳು, ಆಫ್ ಮಾಡದ ಪರದೆಗಳು, ರಾತ್ರಿಯಿಡೀ ನೀರು ತಣ್ಣಗೆ ಮಾಡುತ್ತಲೇ ಇರುವ ಕೂಲರ್‌ಗಳು, ಕಾರಿಡಾರಿನ ದೀಪ, ಎಲ್ಲ ಸೇರಿ, ಆ ಏಳರ ಹಿಂದುಮುಂದಿನ ಹೊತ್ತನ್ನೂ ಕೂಡಿಸಿ ದಿನಕ್ಕೆ ಒಟ್ಟು ಹತ್ತು ಗಂಟೆಯ ಕಾಲ ಬರೀ ಹತ್ತು ಕಿಲೋವ್ಯಾಟ್ ಎಳೆಯುತ್ತಿದ್ದರೂ ವರ್ಷಕ್ಕೆ 36,500 ಯೂನಿಟ್ ಆಯಿತು. 25 ಕಿಲೋವ್ಯಾಟ್ ಸೌರಘಟಕ ವರ್ಷವೆಲ್ಲ ದುಡಿದು ಕೊಡುವಷ್ಟನ್ನು ನಿದ್ದೆಯಲ್ಲಿರುವ ಕಟ್ಟಡ ತಿಂದು ಹಾಕಿತು. ಫ್ಯಾನಿನ ಲೆಕ್ಕವೂ ಹೀಗೆಯೇ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಬಳಸಿದರೆ ಈಗಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ ಆರು ಗಂಟೆ, ವರ್ಷಕ್ಕೆ 220 ದಿನ ಎಂದರೆ ಒಂದೊಂದು ಫ್ಯಾನಿಗೆ ಅರವತ್ತು ಯೂನಿಟ್ ಉಳಿತಾಯ, ಸಾವಿರ ಫ್ಯಾನಿಗೆ ಅರವತ್ತು ಸಾವಿರ. ಒಮ್ಮೆಗೇ ಎಲ್ಲ ಕಿತ್ತು ಹಾಕುವುದು ದುಂದು. ಕೆಟ್ಟ ಫ್ಯಾನಿನ ಜಾಗಕ್ಕೆ ಹೊಸದು ಬರುವಾಗ ಬಿಎಲ್‌ಡಿಸಿಯೇ ಬರಲಿ ಎಂಬ ನಿಯಮವಿದ್ದರೆ ಏಳೆಂಟು ವರ್ಷದಲ್ಲಿ ಕಾಲೇಜು ಬದಲಾಗಿರುತ್ತದೆ. ಇಂಥ ನಿಯಮಕ್ಕೆ ಉದ್ಘಾಟನೆ ಮಾಡಲಾಗುವುದಿಲ್ಲ ಎಂಬುದು ಅದರ ಒಂದೇ ದೋಷ.

ಮೆಸ್ಸಿನ ಅನ್ನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 500 ಜನರ ಹಾಸ್ಟೆಲಿನಲ್ಲಿ ತಲೆಗೆ ದಿನಕ್ಕೆ ನೂರು ಗ್ರಾಂ ಚೆಲ್ಲಿದರೂ 50 ಕಿಲೋ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮ ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಕಸ ಹಾಕುವ ಕಾಲೇಜು, ವಿಶ್ವವಿದ್ಯಾನಿಲಯ, ಹಾಸ್ಟೆಲ್‌ಗಳನ್ನು ಬೃಹತ್ ತ್ಯಾಜ್ಯ ಉತ್ಪಾದಕರೆಂದು ಕರೆದು, ಹಸಿ ಕಸವನ್ನು ಆದಷ್ಟು ತಮ್ಮ ಆವರಣದಲ್ಲೇ ಗೊಬ್ಬರವನ್ನೋ ಅನಿಲವನ್ನೋ ಮಾಡಬೇಕೆಂದು ಹೇಳಿತು. ಐವತ್ತು ಕಿಲೋ ಮುಸುರೆಯಿಂದ ನಾಲ್ಕೈದು ಘನ ಮೀಟರ್ ಗೋಬರ್ ಗ್ಯಾಸಿನಂಥ ಅನಿಲ ಬರುತ್ತದೆ, ಅದು ಎರಡು ಕಿಲೋ ಎಲ್‌ಪಿಜಿಗೆ ಸಮ. ಒಂಬತ್ತು ಹತ್ತು ದಿನಕ್ಕೊಂದು ವಾಣಿಜ್ಯ ಸಿಲಿಂಡರ್ ಉಳಿಯಿತು. ಆದರೆ ಘಟಕಕ್ಕಿಂತ ಮೊದಲು ತಕ್ಕಡಿ ಬರಲಿ. ತಟ್ಟೆ ತೊಳೆಯುವ ಜಾಗದಲ್ಲಿ ಡ್ರಮ್ಮಿನ ಕೆಳಗೆ ಒಂದು ತೂಕದ ಯಂತ್ರ, ಗೋಡೆಯ ಮೇಲೊಂದು ಕಪ್ಪು ಹಲಗೆ, ಅದರಲ್ಲಿ ನಿನ್ನೆ ಚೆಲ್ಲಿದ ಅನ್ನದ ತೂಕ. ಸೋಮವಾರದ ಉಪ್ಪಿಟ್ಟಿಗೆ ಎಷ್ಟು, ಭಾನುವಾರದ ಪಲಾವಿಗೆ ಎಷ್ಟು ಎಂದು ಒಂದು ತಿಂಗಳು ಬರೆದರೆ ಯಾವ ದಿನ ಎಷ್ಟು ಅಕ್ಕಿ ಹಾಕಬೇಕೆಂದು ಅಡುಗೆಯವರಿಗೇ ತಿಳಿಯುತ್ತದೆ. ಚೆಲ್ಲದೇ ಉಳಿದ ಅನ್ನಕ್ಕೆ ಸರಿಸಮನಾದ ಜೈವಿಕ ಅನಿಲ ಘಟಕ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಆಗಲೇ ಇದೆಯಲ್ಲ ಎಂದು ಪ್ರಾಂಶುಪಾಲರು ಹೇಳಬಹುದು. ಅದೂ ಸುಳ್ಳಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು, ಆ ಬೆನ್ನಿಗೆ ಯುಜಿಸಿ ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯವನ್ನು ಕೊಟ್ಟಿತು. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತನ್ನ ಏಳನೆಯ ಮಾನದಂಡದಲ್ಲಿ ಇಂಧನ, ನೀರು, ಕಸ, ಹಸಿರು ಆವರಣ, ಗ್ರೀನ್ ಆಡಿಟ್ ಎಲ್ಲವನ್ನೂ ಕೇಳುತ್ತದೆ. ಲೋಕದಲ್ಲೂ ಘೋಷಣೆಗಳಿಗೆ ಕೊರತೆಯಿಲ್ಲ. 1990ರಲ್ಲಿ ಫ್ರಾನ್ಸಿನ ತಲ್ವಾರ್ ಎಂಬ ಊರಿನಲ್ಲಿ ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರು ಸೇರಿ ಸುಸ್ಥಿರತೆಯ ಹತ್ತು ಅಂಶಗಳಿಗೆ ಸಹಿ ಹಾಕಿದ ಮೇಲೆ ಆ ಪಟ್ಟಿಗೆ ಸೇರಿದ ಸಂಸ್ಥೆಗಳು ನೂರಾರು. ಕೊರತೆ ಇರುವುದು ಪದ್ಧತಿಯಲ್ಲಿ. ಪರಿಸರ ಅಧ್ಯಯನ ಎಂಬುದು ಪಾಸಾದರೆ ಸಾಕೆನ್ನುವ ಪತ್ರಿಕೆ, ಓಝೋನ್ ಪದರದ ಬಗ್ಗೆ ಬರೆದ ವಿದ್ಯಾರ್ಥಿಗೆ ತನ್ನ ಹಾಸ್ಟೆಲಿನ ನೀರು ಎಲ್ಲಿಂದ ಬರುತ್ತದೆಂದು ಕೇಳುವ ಪ್ರಶ್ನೆ ಅದರಲ್ಲಿರುವುದಿಲ್ಲ. ಗ್ರೀನ್ ಆಡಿಟ್ ಎಂಬುದು ನ್ಯಾಕ್ ತಂಡ ಬರುವ ವರ್ಷ ಹೊರಗಿನ ಏಜೆನ್ಸಿಯಿಂದ ಮಾಡಿಸಿ ಫೈಲಿಗೆ ಸೇರಿಸುವ ದಾಖಲೆಯಾಗುವುದೇ ಹೆಚ್ಚು. ಐದು ವರ್ಷಕ್ಕೊಮ್ಮೆ ಬರುವ ತಂಡಕ್ಕಾಗಿ ತೆಗೆದ ಲೆಕ್ಕ ಮನೆಗೆ ನೆಂಟರು ಬಂದಾಗ ಹಾಸುವ ಜಮಖಾನೆಯ ಹಾಗೆ, ಕೆಳಗಿನ ನೆಲ ಹೇಗಿದೆಯೆಂದು ಮನೆಯವರಿಗಷ್ಟೇ ಗೊತ್ತು. ಅದೇ ಆಡಿಟನ್ನು ಆರು ತಿಂಗಳ ಪರಿಸರ ಪಠ್ಯದ ಪ್ರಾಯೋಗಿಕ ಕೆಲಸವಾಗಿಸಿ, ಮಾರ್ಕ್ಸನ್ನೂ ಅದಕ್ಕೇ ಕೊಟ್ಟರೆ ಎರಡು ಸಮಸ್ಯೆ ಒಟ್ಟಿಗೆ ಬಗೆಹರಿಯುತ್ತವೆ. ಮಕ್ಕಳಿಗೆ ಓದಲು ಪುರುಸೊತ್ತಿಲ್ಲ ಎಂಬ ಪಾಲಕರ ದೂರಿಗೂ ಉತ್ತರ ಅದರಲ್ಲೇ ಇದೆ: ಇದು ಹೊಸ ಹೊರೆಯಲ್ಲ, ಹೇಗೂ ಬರೆಯಬೇಕಾದ ಪತ್ರಿಕೆಯನ್ನು ಬೇರೆ ರೀತಿ ಬರೆಯುವುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಕಾಲೇಜಿನ ನಲ್ಲಿ, ಫ್ಯಾನುಗಳನ್ನು ಸರಿಮಾಡಿದರೆ ದಾವಣಗೆರೆಯ ಗಾಳಿ, ಹರಿಹರದ ಹೊಳೆ ಸರಿಹೋಗುತ್ತವೆಯೇ? ಹೋಗುವುದಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ನಾಲ್ಕು ಊರುಗಳು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಗಾಳಿಯ ಗುಣಮಟ್ಟ ಮಿತಿಯೊಳಗಿಲ್ಲ ಎಂಬ ಕಾರಣಕ್ಕೆ ಸಿಕ್ಕ ಸ್ಥಾನವಿದು, ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲಿ 2016ರ ಜನವರಿಯಲ್ಲಿ ಸಿಕ್ಕದ್ದರಷ್ಟು ಹೆಮ್ಮೆಯದಲ್ಲ. ರಸ್ತೆಯ ದೂಳು, ವಾಹನಗಳ ಹೊಗೆಯ ಜೊತೆಗೆ ಇಲ್ಲಿ ವರ್ಷಾನುಗಟ್ಟಲೆ ಕೇಳಿಬಂದ ದೂರು ಮಂಡಕ್ಕಿ ಭಟ್ಟಿಗಳದು. ಮಿರ್ಚಿ ಮಂಡಕ್ಕಿಯ ಊರಿನಲ್ಲಿ ಅಕ್ಕಿ ಹುರಿಯುವ ಭಟ್ಟಿಗೆ ಅಗ್ಗದ ಉರುವಲೆಂದು ಹಳೆಯ ಟೈರು ಹಾಕುವುದು, ಅದರ ಕರಿ ಹೊಗೆ ಸುತ್ತಲಿನ ಮನೆಗಳ ಗೋಡೆಗೂ ಭಟ್ಟಿಯ ಮುಂದೆ ಕೂತವರ ಶ್ವಾಸಕ್ಕೂ ಇಳಿಯುವುದು ಎಲ್ಲರಿಗೂ ತಿಳಿದ ಸಂಗತಿ. ಇದನ್ನು ಬರೀ ದಂಡ ಹಾಕಿ ನಿಲ್ಲಿಸಹೋದರೆ ಬಡ ಕುಟುಂಬಗಳ ಹೊಟ್ಟೆಯ ಮೇಲೆ ಹೊಡೆದಂತೆ. ಅದೇ ಶಾಖವನ್ನು ಅದೇ ಖರ್ಚಿನಲ್ಲಿ ಬೇರೆ ಉರುವಲಿನಿಂದ ಕೊಡುವ ಒಲೆ ಬೇಕು. ಭದ್ರಾ ಅಚ್ಚುಕಟ್ಟಿನ ಅಕ್ಕಿ ಗಿರಣಿಗಳ ಹೊಟ್ಟು, ಜಿಲ್ಲೆಯ ತುಂಬ ಬೆಳೆಯುವ ಮೆಕ್ಕೆಜೋಳದ ದಂಟು ಮತ್ತು ಬೆಂಡು, ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆ, ಯಾವುದಕ್ಕೂ ಇಲ್ಲಿ ಬರವಿಲ್ಲ. ಒಲೆಯನ್ನು ರೂಪಿಸಬಲ್ಲ ಮೆಕ್ಯಾನಿಕಲ್ ವಿಭಾಗ, ಹೊಗೆಯನ್ನು ಅಳೆಯಬಲ್ಲ ಸಿವಿಲ್ ಮತ್ತು ರಸಾಯನಶಾಸ್ತ್ರ ವಿಭಾಗ, ಭಟ್ಟಿ ಕೆಲಸಗಾರರ ಎದೆಯನ್ನು ಪರೀಕ್ಷಿಸಬಲ್ಲ ವೈದ್ಯಕೀಯ ಕಾಲೇಜು, ಮೂರೂ ಒಂದೇ ಊರಿನಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಅಡುಗೆಮನೆಯನ್ನು ತನ್ನ ಪ್ರಯೋಗಾಲಯ ಮಾಡಿಕೊಂಡಿತು, ಅಲ್ಲಿಂದ ಬಂದ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಸೌದೆಯನ್ನೂ ಹೊಗೆಯನ್ನೂ ತಗ್ಗಿಸಿತು. ದಾವಣಗೆರೆಗೆ ಬೇಕಾದದ್ದು ಅಂಥದೊಂದು ಭಟ್ಟಿ. ಕ್ಯಾಂಪಸ್ಸಿನೊಳಗೆ ಉರುವಲು ತೂಗಿ, ಶಾಖ ಅಳೆದು ಪಳಗಿದ ಕೈಗೆ ಮಾತ್ರ ಅದು ಸಾಧ್ಯ; ಒಳಗಿನ ಲೆಕ್ಕ ಹೊರಗಿನ ಕೆಲಸಕ್ಕೆ ಅಭ್ಯಾಸವಾಗುವುದು ಹೀಗೆ.

ಹರಿಹರಕ್ಕೆ ಬಂದರೆ ಈ ಮಾತಿನ ತೂಕ ಇನ್ನೂ ಹೆಚ್ಚು. ಹರಿಹರೇಶ್ವರನ ಗುಡಿಯ ಪಕ್ಕದಲ್ಲಿ ಹರಿಯುವ ತುಂಗಭದ್ರೆಯ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ರೇಯಾನ್ ತಿರುಳಿನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಶುರುಮಾಡಿತು. ಎಂಬತ್ತರ ದಶಕದಲ್ಲಿ ಕೆಳಗಿನ ಹಳ್ಳಿಗಳ ಜನ ಮೀನು ಸಾಯುತ್ತಿವೆ, ನೀರು ಕೆಡುತ್ತಿದೆ ಎಂದು ಬೀದಿಗಿಳಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜೊತೆಗೂಡಿತು. ಆ ಹೋರಾಟವೇ ಮುಂದೆ ಕಾರ್ಖಾನೆಗೆ ನೀಲಗಿರಿ ಬೆಳೆಯಲು ಹಳ್ಳಿಗಳ ಸಾಮೂಹಿಕ ಭೂಮಿ ಕೊಡುವುದರ ವಿರುದ್ಧ 1987ರ ನವೆಂಬರ್ 14ರ ಕುಸನೂರು ಸತ್ಯಾಗ್ರಹವಾಗಿ, ಕಿತ್ತಿಕೊ–ಹಚ್ಚಿಕೊ ಚಳವಳಿಯಾಗಿ ಬೆಳೆಯಿತು. ಆ ಭೂಮಿಯ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಗೆ ಸಾಹಿತಿ ಶಿವರಾಮ ಕಾರಂತರು ಹೆಸರು ಕೊಟ್ಟರು. ಇಂಥ ಪ್ರತಿಯೊಂದು ಹೋರಾಟದಲ್ಲೂ ಜನ ಕಣ್ಣಾರೆ ಕಂಡದ್ದಕ್ಕೂ ಕಚೇರಿ ಒಪ್ಪುವ ದಾಖಲೆಗೂ ನಡುವೆ ಒಂದು ಕಂದಕ ಇರುತ್ತದೆ. ಮೀನು ತೇಲಿದ ದಿನ ಬಾಟಲಿಯಲ್ಲಿ ನೀರು ಹಿಡಿದವರು ಯಾರು, ಹಿಂದಿನ ವಾರ ಅದೇ ಜಾಗದ ನೀರು ಹೇಗಿತ್ತು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿಭಾಗಗಳನ್ನು ಪಟ್ಟಿಮಾಡಿದಾಗ ಕರ್ನಾಟಕದ ಹದಿನೇಳರಲ್ಲಿ ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಸೇರಿತ್ತು. ಇಂಥ ಪಟ್ಟಿಗಳಿಗೆ ನದಿಗಳನ್ನು ಸೇರಿಸುವುದರಲ್ಲಿ ಕಾರ್ಖಾನೆಗಳಿಗಿಂತ ಊರುಗಳ ಕೊಳಚೆಯ ಪಾಲೇ ದೇಶದೆಲ್ಲೆಡೆ ದೊಡ್ಡದು.

ಹರಿಹರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗಾಗಲಿ ಎಸ್‌ಜೆವಿಪಿ ಕಾಲೇಜಿಗಾಗಲಿ ನದಿ ದೂರವಲ್ಲ. ನದಿನೀರಿನ ಆರೋಗ್ಯ ತಿಳಿಯಲು ಬೇಕಾದ ಮುಖ್ಯ ಪರೀಕ್ಷೆ ಬಿಎಸ್ಸಿ ಲ್ಯಾಬಿಗೆ ಹೊಸದೂ ಅಲ್ಲ. ಗುಳ್ಳೆ ಸೇರದಂತೆ ಗಾಜಿನ ಬಾಟಲಿಯಲ್ಲಿ ನೀರು ಹಿಡಿಯಬೇಕು, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರದ ಅಯೊಡೈಡನ್ನೂ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಸಿ ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಆಮೇಲೆ ಆಮ್ಲ ಹಾಕಿ, ಲ್ಯಾಬಿನಲ್ಲಿ ಗಂಜಿಯ ಹನಿ ಬಿಟ್ಟು ಬ್ಯೂರೆಟ್ಟಿನಿಂದ ಥಯೊಸಲ್ಫೇಟ್ ಇಳಿಸುತ್ತಾ ನೀಲಿ ಬಣ್ಣ ಮಾಯವಾಗುವ ಹನಿಯನ್ನು ಹಿಡಿದರೆ ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಆಮ್ಲಜನಕ ಕರಗಿದೆಯೆಂದು ಸಿಗುತ್ತದೆ. ಅದೇ ನೀರಿನ ಇನ್ನೊಂದು ಬಾಟಲಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಕತ್ತಲಲ್ಲಿಟ್ಟು ಮತ್ತೆ ಅಳೆದರೆ ಸಿಗುವ ವ್ಯತ್ಯಾಸವೇ ಬಿಒಡಿ, ಅಂದರೆ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳು ಬಳಸಿದ ಆಮ್ಲಜನಕ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಆಮ್ಲಜನಕ 5 ಮಿಲಿಗ್ರಾಂಗೆ ಕಡಿಮೆಯಿರಬಾರದು, ಬಿಒಡಿ 3 ಮೀರಬಾರದು. ರಾಜನಹಳ್ಳಿಯ ಬಳಿ ಒಂದು ಜಾಗ, ಹರಿಹರದ ಸ್ನಾನಘಟ್ಟದ ಬಳಿ ಇನ್ನೊಂದು, ಊರು ದಾಟಿದ ಮೇಲೆ ಮತ್ತೊಂದು, ವಾರಕ್ಕೊಮ್ಮೆ ಇಷ್ಟೇ. ಹುಡುಗರು ಮಾಡಿದ ಪರೀಕ್ಷೆಗೆ ಕಾನೂನಿನ ಬೆಲೆಯಿಲ್ಲ, ತಪ್ಪೂ ಆಗುತ್ತದೆ ಎನ್ನುವುದು ಸರಿ. ಒಂದು ಬಾಟಲಿಯ ತಪ್ಪು ಹತ್ತು ವರ್ಷದ ಐನೂರು ವಾರಗಳ ಸಾಲಿನಲ್ಲಿ ಎದ್ದು ಕಾಣುತ್ತದೆ, ಹೊಳೆ ನಿಜವಾಗಿ ಕೆಟ್ಟ ವಾರವೂ ಹಾಗೇ ಎದ್ದು ಕಾಣುತ್ತದೆ. ಮಂಡಳಿಯ ಪ್ರಯೋಗಾಲಯಕ್ಕೆ ಅದು ಬದಲಿಯಾಗದು, ಆದರೆ ಮಂಡಳಿಯವರನ್ನು ಯಾವ ದಿನ ಕರೆಯಬೇಕೆಂದು ಊರಿಗೆ ಹೇಳಬಲ್ಲದು.

ದುಡ್ಡೆಲ್ಲಿ ಎಂಬ ಪ್ರಶ್ನೆ ಸರ್ಕಾರಿ ಕಾಲೇಜಿನಿಂದ ಬಂದರೆ ಅದಕ್ಕೆ ಮರ್ಯಾದೆ ಕೊಡಬೇಕು. ಅತಿಥಿ ಉಪನ್ಯಾಸಕರ ಸಂಬಳವೇ ತಡವಾಗುವಲ್ಲಿ ಸೌರಫಲಕದ ಮಾತು ಕುಚೋದ್ಯದಂತೆ ಕೇಳುತ್ತದೆ. ಆದರೆ ಮೇಲೆ ಹೇಳಿದ ಕೆಲಸಗಳಲ್ಲಿ ಮೊದಲಿನವು ಯಾವುವೂ ಲಕ್ಷದ ಬಾಬತ್ತಲ್ಲ. ಸಂಪಿನ ಬಾಯಿಗೆ ನೀರಿನ ಮೀಟರು, ಮೆಸ್ಸಿಗೆ ತಕ್ಕಡಿ, ಬೆಸ್ಕಾಂ ಮೀಟರಿನ ಪಕ್ಕದಲ್ಲೊಂದು ನೋಟ್‌ಪುಸ್ತಕ. ಇದರಿಂದ ಉಳಿದ ಬಿಲ್ಲಿನ ಹಣ ಮುಂದಿನ ಕೆಲಸಕ್ಕೇ ಬಳಕೆಯಾಗುವಂತೆ ಬೇರೆ ಖಾತೆ ತೆರೆಯಬೇಕು, ಇಲ್ಲವಾದರೆ ಉಳಿತಾಯ ಸಾಮಾನ್ಯ ಖರ್ಚಿನಲ್ಲಿ ಕರಗಿ ಯಾರಿಗೂ ಉತ್ಸಾಹ ಉಳಿಯುವುದಿಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಧನಸಹಾಯ ಕೊಡುತ್ತಾ ಬಂದಿದೆ. ಭಟ್ಟಿಯ ಒಲೆಗೂ ಸ್ನಾನದ ನೀರಿನ ಸೋಸುತೊಟ್ಟಿಗೂ ಆ ಬಾಗಿಲು ತೆರೆದೇ ಇದೆ.

ನಿಜವಾದ ತೊಡಕು ಬೇರೆ. ವಿದ್ಯಾರ್ಥಿ ಮೂರು–ನಾಲ್ಕು ವರ್ಷಕ್ಕೆ ಹೊರಡುತ್ತಾನೆ, ಇಕೋ ಕ್ಲಬ್ಬಿನ ಉತ್ಸಾಹಿ ಮೇಡಂ ವರ್ಗವಾಗುತ್ತಾರೆ, ಪ್ರಾಜೆಕ್ಟ್ ವರದಿ ಬೈಂಡ್ ಆಗಿ ಲೈಬ್ರರಿಯ ಮೇಲಿನ ಕಪಾಟು ಸೇರುತ್ತದೆ, ಮುಂದಿನ ಬ್ಯಾಚು ಅದೇ ವಿಷಯವನ್ನು ಮೊದಲಿನಿಂದ ಶುರುಮಾಡುತ್ತದೆ. ವರದಿಗಳ ಮಟ್ಟಿಗೆ ಒಂದು ಕಟ್ಟುಪಾಡು ಸಾಕು: ಹೊಸ ಪ್ರಾಜೆಕ್ಟು ಒಪ್ಪಿಗೆಗೆ ಬಂದಾಗ ಹಿಂದಿನ ಬ್ಯಾಚು ಎಲ್ಲಿ ನಿಲ್ಲಿಸಿತ್ತು, ಅದರ ಅಂಕಿಗಳಲ್ಲಿ ಯಾವುದನ್ನು ಮುಂದುವರಿಸುತ್ತೀರಿ ಎಂಬ ಪುಟ ಇಲ್ಲದಿದ್ದರೆ ಸಹಿ ಇಲ್ಲ. ದಿನದ ಲೆಕ್ಕದ ಮಟ್ಟಿಗೆ ಮಾತ್ರ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ನೆಚ್ಚಿ ಕೂರಲಾಗದು. ಕಾಲೇಜಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಇರುವವರು ಪಂಪು ಹಾಕುವವರು, ಎಲೆಕ್ಟ್ರಿಷಿಯನ್, ಮೆಸ್ಸಿನ ಅಡುಗೆಯವರು, ಲ್ಯಾಬ್ ಅಟೆಂಡರ್, ಕಸ ಗುಡಿಸುವ ಹೆಂಗಸರು. ಯಾವ ಬೋರ್‌ವೆಲ್ ಯಾವ ತಿಂಗಳು ಬತ್ತುತ್ತದೆ, ಯಾವ ಬ್ಲಾಕಿನ ವಾಲ್ವು ಸೋರುತ್ತದೆ, ಯಾವ ಸಸಿ ಯಾರ ಕೈಯ ನೀರಿನಿಂದ ಬದುಕಿದೆ ಎಂಬುದು ಅವರಿಗೆ ಬಾಯಿಪಾಠ. ಗ್ರೀನ್ ಆಡಿಟ್ ಸಮಿತಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಪ್ರಾಂಶುಪಾಲರು, ಸಂಯೋಜಕರು, ವಿಭಾಗ ಮುಖ್ಯಸ್ಥರು, ಇಬ್ಬರು ವಿದ್ಯಾರ್ಥಿ ಪ್ರತಿನಿಧಿಗಳು. ಅದರಲ್ಲಿ ಪಂಪಿನವರನ್ನೂ ಅಡುಗೆಯವರನ್ನೂ ಸೇರಿಸಿ, ಮೀಟರ್ ಓದಿ ಬರೆಯುವುದನ್ನು ಅವರ ಕೆಲಸದ ಭಾಗವೆಂದು ಆದೇಶದಲ್ಲಿ ಕಾಣಿಸಿ, ಅದಕ್ಕೆ ತಿಂಗಳಿಗೆ ಒಂದಿಷ್ಟು ಭತ್ಯೆ ಕೊಡಲು ಆಡಳಿತ ಮಂಡಳಿಯ ಒಂದು ಸಭೆಯ ನಿರ್ಣಯ ಸಾಕು, ಯುಜಿಸಿಯ ಸುತ್ತೋಲೆಗೆ ಕಾಯಬೇಕಾಗಿಲ್ಲ.